ಮನೆಯ ಲೆಕ್ಕದಲ್ಲಿ ದಾಸೋಹದ ಪಾಲು

ಬಡ್ಡಿಯ ಲೆಕ್ಕವನ್ನು ಶಾಲೆ ಕಲಿಸುತ್ತದೆ. ದುಡ್ಡನ್ನು ಹೇಗೆ ಗಳಿಸಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಮಾತ್ರ ಮಕ್ಕಳು ತಂದೆ-ತಾಯಿಯನ್ನು ನೋಡಿಯೇ ಕಲಿಯಬೇಕು.

ಕಲಬುರಗಿ ಸೀಮೆಯಲ್ಲಿ ಈ ಪಾಠಕ್ಕೆ ಬರವಿಲ್ಲ. ನಗರದ ಆರಾಧ್ಯದೈವ ಶರಣಬಸವೇಶ್ವರರು ಅರಳಗುಂಡಗಿಯ ಒಕ್ಕಲು ಮನೆತನದವರು. ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂಬ ಕಥೆ ಮನೆಮನೆಯಲ್ಲಿದೆ. ಕಥೆ ಹೇಳುವಾಗ ಒಂದು ಮಾತು ಮರೆಯಬಾರದು: ಅವರು ಮೊದಲು ಬಿತ್ತಿದರು, ಆಮೇಲೆ ಕೊಟ್ಟರು. ಕಾಯಕವಿಲ್ಲದೆ ದಾಸೋಹವಿಲ್ಲ. ಅಂದಿನ ಅನ್ನದಾಸೋಹ ಮುಂದೆ ವಿದ್ಯಾದಾಸೋಹವಾಗಿಯೂ ಬೆಳೆದು, ಅವರ ಹೆಸರಿನಲ್ಲಿ ಅನೇಕ ಶಾಲೆ-ಕಾಲೇಜುಗಳು ನಡೆಯುತ್ತಿವೆ.

ಇದೇ ನಗರದಲ್ಲಿ 1422ರಲ್ಲಿ ಕಾಲವಾದ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾ ಇದೆ. ಅಲ್ಲಿಗೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಗುಡಿಗೂ ದರ್ಗಾಕ್ಕೂ ಮಗುವಿನ ಕೈಹಿಡಿದು ಹೋಗುವ ತಾಯಿ, ಹಸಿದವನ ಜಾತಿ ಕೇಳಬಾರದೆಂದು ಬೇರೆಯಾಗಿ ಹೇಳಬೇಕಿಲ್ಲ.

ಗಳಿಕೆಗೂ ಮಿತಿ ಬೇಕು. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧ ಪ್ರಸಂಗ. ದಾಸೋಹಕ್ಕೆಂದು ತಂದರೂ ಆಸೆ ಆಸೆಯೇ ಎಂಬುದು ಆಕೆಯ ನಿಲುವು.

ತಾಳ್ಮೆಯ ಪಾಠಕ್ಕೆ ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೋಗಬೇಕು. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು. ಬೇರೆ ಬಾಳೆಗಿಂತ ತುಟ್ಟಿ. ಆದರೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಶಾಲೆಯ ಫೀ ಅಷ್ಟು ದಿನ ಕಾಯುವುದಿಲ್ಲ. ಜೂನ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಅಪ್ಪ ಸಾಲಕ್ಕೆ ಓಡಾಡುತ್ತಾನೆ, ಅವ್ವನ ಬಂಗಾರ ಅಡವಿಗೆ ಹೋಗುತ್ತದೆ. ಮಕ್ಕಳ ಮನಸ್ಸು ನೋಯಬಾರದೆಂದು ಅದನ್ನು ಮುಚ್ಚಿಡುತ್ತಾರೆ. ಏನೂ ತಿಳಿಯದ ಮಗ ಹೊಸ ಮೊಬೈಲ್‌ಗೆ ಹಟ ಹಿಡಿದರೆ ತಪ್ಪು ಅವನೊಬ್ಬನದೇ ಅಲ್ಲ.

ಪಾಲಕರೇ, ತಿಂಗಳಿಗೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಮನೆಯ ಲೆಕ್ಕ ಬರೆಯಿರಿ. ಬಂದದ್ದೆಷ್ಟು, ಸಾಲವೆಷ್ಟು, ಫೀ ಎಷ್ಟು ಎಂಬುದು ಅವರಿಗೆ ಗೊತ್ತಾಗಲಿ. ಕೊಡುವುದಕ್ಕೂ ಒಂದು ಸಾಲು ಇರಲಿ, ಹತ್ತು ರೂಪಾಯಿಯಾದರೂ ಸರಿ. ವಿದ್ಯಾರ್ಥಿಗಳೇ, ಆ ಪುಸ್ತಕವನ್ನು ಒಮ್ಮೆ ನೀವೇ ಕೇಳಿ ಓದಿ. ನಿಮ್ಮ ಹೆಸರಿನ ಮುಂದೆ ಬರೆದ ಮೊತ್ತದಲ್ಲಿ ಅಪ್ಪ-ಅವ್ವ ತಮಗೆ ಬೇಡವೆಂದು ಬಿಟ್ಟದ್ದೆಷ್ಟು ಎಂಬುದು ಕಾಣಿಸುತ್ತದೆ.