ಮಟ್ಟುಗುಳ್ಳವೂ ಇನ್ಸುಲಿನ್ನೂ

ಸಂಕ್ರಾಂತಿ ಕಳೆದ ಮೇಲೆ ಉಡುಪಿಯ ಕಡೆಯಿಂದ ಕೀಲ್ಪಾಕಿಗೆ ಬರುವ ನೆಂಟರು ಬೇರೇನನ್ನು ಮರೆತರೂ ಮಟ್ಟುಗುಳ್ಳವನ್ನು ಮರೆಯುವಂತಿಲ್ಲ. ತಿಳಿಹಸಿರು ಮೈ, ದುಂಡು ಆಕಾರ, ತೊಟ್ಟಿನಲ್ಲಿ ಮುಳ್ಳು. ಅದರ ಹುಳಿಯ ರುಚಿಯನ್ನು ಬಲ್ಲವರಿಗೆ ವರ್ಣಿಸಬೇಕಾಗಿಲ್ಲ. ಅರಿಯದವರಿಗೆ ವರ್ಣಿಸಿ ಫಲವಿಲ್ಲ. ಈ ಗುಳ್ಳವನ್ನು ಫ್ರಿಜ್ಜಿನಲ್ಲಿಡಲು ಹೋದ ಗೃಹಿಣಿಗೆ ಅದರ ಬಾಗಿಲಿನಲ್ಲೇ ಯಜಮಾನರ ಇನ್ಸುಲಿನ್ ಸೀಸೆ ಕಾಣುವುದೂ ಈಗ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಒಂದು ಜೀವಿಯ ಗುಣವನ್ನು ಇನ್ನೊಂದರಲ್ಲಿ ನೆಡುವ ವಿದ್ಯೆ ಈ ಎರಡರ ಬಳಿಗೂ ಬಂದಿತು. ಒಂದು ಕಡೆ ಅದನ್ನು ಮಣೆ ಹಾಕಿ ಕೂರಿಸಿದೆವು. ಇನ್ನೊಂದು ಕಡೆ ಬಾಗಿಲು ಹಾಕಿದೆವು. ಇದು ಬರಿಯ ಹಟವೆ?

ಮೊದಲು ಇನ್ಸುಲಿನ್ನಿನ ಮಾತು. ಹಿಂದೆ ಅದನ್ನು ಹಂದಿ ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಈರುಳ್ಳಿಯನ್ನೂ ಮುಟ್ಟದ ಮಡಿವಂತರು ಅದನ್ನೇ ಚುಚ್ಚಿಸಿಕೊಳ್ಳಬೇಕಾಗಿತ್ತು. ಪ್ರಾಣದ ಮುಂದೆ ಮಡಿ ಎಲ್ಲಿ ನಿಂತೀತು? 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯದಲ್ಲಿ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅಲ್ಲಿ ಆ ಔಷಧಕ್ಕೆ ಅನುಮತಿ ದೊರೆಯಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಒಂದು ಬಗೆಯ ಯೀಸ್ಟಿನಿಂದ ಮಾಡಿದ ಇನ್ಸುಲಿನ್ನನ್ನು ಪೇಟೆಗೆ ತಂದಿತು. ಆ ಯೀಸ್ಟು ಕಾರ್ಖಾನೆಯ ಮುಚ್ಚಿದ ಕೊಪ್ಪರಿಗೆಯಲ್ಲಿಯೇ ಬೆಳೆದು ಅಲ್ಲಿಯೇ ಮುಗಿಯುತ್ತದೆ. ಶುದ್ಧಿಮಾಡಿದ ಔಷಧವೊಂದೇ ಹೊರಗೆ ಬರುವುದು.

ಬದನೆಯ ಕಥೆ ಹಾಗಲ್ಲ. ಕಾಯಿಕೊರಕ ಹುಳು ಬದನೆಯ ದೊಡ್ಡ ಶತ್ರು. ಕಾಯಿಯೊಳಗೆ ಹೊಕ್ಕ ಹುಳುವಿಗೆ ಮದ್ದು ತಾಕದು; ಹಾಗಾಗಿ ರೈತನು ಮತ್ತೆ ಮತ್ತೆ ಸಿಂಪಡಿಸುತ್ತಾನೆ, ಆ ಮದ್ದನ್ನು ನಾವು ತಿನ್ನುತ್ತೇವೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯ ಈ ಹುಳುವಿನ ಕರುಳಿಗೆ ಮಾರಕವಾದ ಪ್ರೋಟೀನನ್ನು ತಯಾರಿಸುತ್ತದೆ. ಆ ವಂಶವಾಹಿಯನ್ನು ಗಿಡಕ್ಕೇ ಸೇರಿಸಿದರೆ ಸಿಂಪಡಣೆ ತಗ್ಗೀತೆಂಬುದು ಬಿಟಿ ಬದನೆಯ ತತ್ತ್ವ. ಉದ್ದೇಶ ಕೆಟ್ಟದೆಂದು ಹೇಳಲಾರೆ. ಮಹಿಕೊ ಎಂಬ ಬೀಜದ ಕಂಪೆನಿಯೊಡನೆ ಧಾರವಾಡ, ಕೊಯಮತ್ತೂರುಗಳ ಕೃಷಿ ವಿಶ್ವವಿದ್ಯಾನಿಲಯಗಳು ಕೈಜೋಡಿಸಿದವು. ಧಾರವಾಡದವರು ಆರಿಸಿಕೊಂಡ ಆರು ತಳಿಗಳಲ್ಲಿ ರಬಕವಿಯದು, ಕುಡಚಿಯದು ಇದ್ದಂತೆ ಉಡುಪಿಯ ಗುಳ್ಳವೂ ಒಂದಾಗಿತ್ತು!

2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ವಿರೋಧ ಎದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮಾತನ್ನು ಕೇಳಿ, 2010ರ ಫೆಬ್ರವರಿ 9ರಂದು ಅದನ್ನು ತಡೆದರು. ಆ ತಡೆ ಇನ್ನೂ ತೆರವಾಗಿಲ್ಲ.

ಕಟಪಾಡಿಯ ಬಳಿಯ ಮಟ್ಟು ಗ್ರಾಮದ ಬೆಳೆಗಾರರಿಗೆ ಈ ಗುಳ್ಳ ಕೇವಲ ತರಕಾರಿಯಲ್ಲ. ಸೋದೆಯ ವಾದಿರಾಜಸ್ವಾಮಿಗಳು ಕೊಟ್ಟ ಬೀಜವೆಂಬುದು ಐತಿಹ್ಯ. ಕೃಷ್ಣಮಠದ ಪರ್ಯಾಯದ ಅಡಿಗೆಗೆ ಇದು ಬೇಕೇ ಬೇಕು. ಬೀಜವನ್ನು ತಾವೇ ತೆಗೆದಿರಿಸಿ ಮರುವರ್ಷ ಬಿತ್ತುವವರು ಅವರು. ಪಕ್ಕದ ಹೊಲದ ಪರಾಗವನ್ನು ಜೇನ್ನೊಣ ಹೊತ್ತು ತಂದರೆ ತಡೆಯುವವರು ಯಾರು? ಹೊಲಕ್ಕೆ ಕೊಪ್ಪರಿಗೆಯ ಮುಚ್ಚಳವಿಲ್ಲವಷ್ಟೆ.

ಈ ವ್ಯವಹಾರದ ಕಾಗದಗಳು ನಮ್ಮ ಚೆನ್ನೈಗೂ ಬಂದವು. 2002ರ ಜೀವವೈವಿಧ್ಯ ಕಾಯಿದೆಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರದ ಕಚೇರಿ ಇರುವುದು ಇಲ್ಲಿನ ತರಮಣಿಯಲ್ಲಿ. ದೇಸಿ ತಳಿಗಳನ್ನು ಬಳಸುವಾಗ ಕಾಯಿದೆಯಂತೆ ಅನುಮತಿ ಪಡೆಯಲಿಲ್ಲ, ಊರಿನವರನ್ನು ಕೇಳಲಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರಿತ್ತಿತು. 2011ರಲ್ಲಿ ಪ್ರಾಧಿಕಾರ ಕಾನೂನುಕ್ರಮಕ್ಕೆ ತೀರ್ಮಾನಿಸಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಈ ಕೇಳುವ ಮಾತೇ. ಇನ್ಸುಲಿನ್ ಬೇಕೆ ಬೇಡವೆ ಎಂದು ರೋಗಿ ವೈದ್ಯರೊಡನೆ ಕುಳಿತು ಯೋಚಿಸಬಲ್ಲ. ಮಟ್ಟುವಿನ ರೈತನಿಗೆ ಅಂಥ ಸಂದರ್ಭ ಒದಗಬೇಡವೆ?

ಹಾಗೆಂದು ತಡೆಯೊಂದರಿಂದಲೇ ಎಲ್ಲ ಸರಿಹೋಯಿತೆನ್ನಲಾಗದು. ನೆರೆಯ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಅನುಮತಿಯಿತ್ತು 2014ರಿಂದ ಬೆಳೆಯತೊಡಗಿತು. ಅಲ್ಲಿ ಸಿಂಪಡಣೆ ತಗ್ಗಿದ ವರದಿಗಳಿವೆ. ನಮ್ಮಲ್ಲಿ ಹುಳುವೂ ಇದೆ, ಮದ್ದಿನ ಡಬ್ಬಿಯೂ ಇದೆ. ಮಕ್ಕಳಿಗೆ ಬದನೆ ಬಡಿಸುವ ತಾಯಂದಿರು ಇದನ್ನೂ ನೆನೆಯಬೇಕು.

ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದನ್ನು ದಾಖಲಿಸುವ ಕಚೇರಿಯೂ ಇಲ್ಲಿನ ಗಿಂಡಿಯಲ್ಲಿಯೇ ಇದೆಯೆಂದರೆ ನಮ್ಮವರಲ್ಲಿ ಹಲವರಿಗೆ ಆಶ್ಚರ್ಯವಾದೀತು. ಬೇರೆ ಬದನೆಗೆ ಆ ಹೆಸರಿಟ್ಟು ಮಾರದಂತೆ ಅದು ಕಾಯುತ್ತದೆ. ಜೇನ್ನೊಣವನ್ನು ತಡೆಯುವ ಅಧಿಕಾರ ಅದಕ್ಕಿಲ್ಲ. ಬೆಳೆಗಾರರ ಸಂಘದ ಗುಳ್ಳಗಳ ಮೇಲೆ ಪುಟ್ಟ ಚೀಟಿ ಅಂಟಿಸಿರುತ್ತಾರೆ. ಮುಂದಿನ ಸಲ ಊರಿನ ಚೀಲ ಬಂದಾಗ, ಹೆಚ್ಚಿ ನೀರಿಗೆ ಹಾಕುವ ಮುನ್ನ, ಅದು ಇದೆಯೇ ಎಂದು ನೋಡಿರಿ.