ಬಂದೂಕಿಗೂ ಡಾಕ್ಟರಿಗೂ ಏನು ಸಂಬಂಧ?

ಮಳವಳ್ಳಿಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಅಮೆರಿಕದ ಬಂದೂಕು. ನಮಗ್ಯಾಕೆ ಅಂತೀರಾ? ಕೇಳಿ.

2024ರ ಜೂನ್ 25ರಂದು ಅಮೆರಿಕದ ಸರ್ಜನ್ ಜನರಲ್, ಬಂದೂಕಿನ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಅಂತ ಘೋಷಿಸಿದ್ರು. ಅವರು ಡಾ. ವಿವೇಕ್ ಮೂರ್ತಿ. ಅವರ ಮನೆತನದ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಬಂದೂಕು ಆರೋಗ್ಯದ ವಿಷಯ ಅಂತ 2012ರಲ್ಲಿ ಟ್ವೀಟ್ ಮಾಡಿದ್ದಕ್ಕೇ ಬಂದೂಕು ಪರ ಸಂಘದವರು ಅವರ ಮೊದಲ ನೇಮಕಾತಿಯನ್ನ ವಿರೋಧಿಸಿದ್ರು. ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ.

ಆರೋಗ್ಯದ ದಾರಿ ಅಂದ್ರೇನು? ಡೆಂಗಿ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತೊಟ್ಟಿ ನೀರು ಚೆಲ್ಲಿಸ್ತಾರಲ್ಲ, ಅದೇ. ಜ್ವರ ಬಂದವರನ್ನ ಬೈಯೋದಲ್ಲ, ಸೊಳ್ಳೆ ಹುಟ್ಟದ ಹಾಗೆ ನೋಡ್ಕೊಳ್ಳೋದು.

ಅಲ್ಲಿನ ರಾಜ್ಯ ಸರ್ಕಾರಗಳು ಮಾಡ್ತಿರೋದೂ ಇದನ್ನೇ. ಅಪಾಯದ ಸ್ಥಿತಿಯಲ್ಲಿರೋರ ಬಂದೂಕನ್ನ ಕೋರ್ಟ್ ಆದೇಶದ ಮೇಲೆ ಸ್ವಲ್ಪ ಕಾಲ ತೆಗೆದಿಡೋ ಕಾನೂನನ್ನ ಕನೆಕ್ಟಿಕಟ್ 1999ರಲ್ಲೇ ತಂತು. ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಮಕ್ಕಳಿರೋ ಮನೇಲಿ ಬಂದೂಕಿಗೆ ಬೀಗ ಹಾಕ್ಬೇಕು ಅನ್ನೋ ಕಾನೂನು ಕೆಲವು ಕಡೆ ಇದೆ. ಗುಂಡೇಟು ತಿಂದು ಆಸ್ಪತ್ರೆ ಸೇರಿದವರ ಹತ್ರ ಕೂತು, ಸೇಡಿನ ಮಾತು ಬಿಡಿಸೋ ಕಾರ್ಯಕರ್ತರಿಗೂ ಕೆಲವು ರಾಜ್ಯಗಳು ದುಡ್ಡು ಕೊಡ್ತವೆ.

ಒಂದು ಅಂಕಿ ಗಮನಿಸಿ. 2022ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಆ ಕೆಟ್ಟ ಗಳಿಗೆ ಬಹಳ ಸಲ ಚಿಕ್ಕದು. ಆಗ ಕೈಗೆ ಏನು ಸಿಗುತ್ತೆ ಅನ್ನೋದೇ ಜೀವ ಉಳಿಯುತ್ತೋ ಇಲ್ವೋ ಅಂತ ತೀರ್ಮಾನ ಮಾಡುತ್ತೆ.

ಈಗ ನಮ್ಮೂರಿಗೆ ಬನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದಾಗಿ ಲೈಸೆನ್ಸ್ ಇಲ್ದೆ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ನಮ್ಮ ಕಡೆ ಮನೆ ಮೂಲೇಲಿ ಇರೋದು ಬಂದೂಕಲ್ಲ, ಕ್ರಿಮಿನಾಶಕದ ಬಾಟ್ಲಿ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಮನೆಗಳಲ್ಲಿ ಎದ್ದ ಗೋಳು ನಿಮಗೂ ನೆನಪಿರಬಹುದು. ಸಾಲ, ಬಾಕಿ ಬಿಲ್ಲು ತೀರಬೇಕು, ನಿಜ. ಅದರ ಜೊತೆಗೆ ಬಾಟ್ಲಿಯೂ ದೂರ ಆಗ್ಬೇಕು. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧಿಸ್ತು; 1995ರ ನಂತರ ಅಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿತು. ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆ ಪ್ರಕಾರ ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮಾತ್ರ ಮಾರಾಟ ತಡೀಬಹುದು. ಶಾಶ್ವತ ನಿಷೇಧ ದಿಲ್ಲಿಯ ಕೈಲಿದೆ.

ಅಲ್ಲಿವರೆಗೂ ನಾವು ಮಾಡೋ ಕೆಲಸ ಇದೆ. ಔಷಧಿ ಬೇಕಾದಷ್ಟೇ ತನ್ನಿ, ಮನೆಯೊಳಗೆ ಇಡಬೇಡಿ, ಬೀಗ ಹಾಕಿ. ಅಪ್ಪನೋ ಚಿಕ್ಕಪ್ಪನೋ ಮಾತು ಬಿಟ್ಟು ಕೂತಿದ್ರೆ ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ ನಂಬರ್ 14416, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಈಗಲೇ ಸೇವ್ ಮಾಡ್ಕೊಳ್ಳಿ.