ಎರಡೂ ಕಣ್ಣು ಒಂದೇ ಕಡೆಗೆ

ಮಳೆಗಾಲ ಇಳಿಯುತ್ತ ಬಂದಂತೆ ಕರಾವಳಿಯ ಮೀನು ಮಾರುಕಟ್ಟೆಗಳಿಗೆ ರಾಶಿ ರಾಶಿಯಾಗಿ ಬರುವ ಮೀನು ನಂಗು. ಕೊಂಕಣಿಯವರಿಗೆ ಇದು ಲೆಪೊ. ಗೇಣುದ್ದ ಬೆಳೆದರೆ ಅದೇ ಹೆಚ್ಚು. ನಾಲಿಗೆಯ ಆಕಾರ, ಕೆಸರಿನ ಬಣ್ಣ. ಅಂಜಲು, ಮಾಂಜಿಗಳ ಮುಂದೆ ಇದಕ್ಕೆ ಬೆಲೆಯೂ ಕಡಿಮೆ, ಗೌರವವೂ ಕಡಿಮೆ. ರವೆ ಹಚ್ಚಿ ಕಾಯಿಸಿ ತಿಂದವರು ಮಾತ್ರ ಈ ತಾರತಮ್ಯವನ್ನು ಒಪ್ಪಲಾರರು.

ಚಪ್ಪಟೆ ಮೀನುಗಳು ಬೇರೆಯೂ ಇವೆ. ಆದರೆ ಮಾಂಜಿ ನೀರಿನಲ್ಲಿ ನೆಟ್ಟಗೆ ನಿಂತೇ ಈಜುತ್ತದೆ. ತೊರಕೆ ಬೆನ್ನಿನಿಂದ ಹೊಟ್ಟೆಗೆ ಅಮುಕಿದಂತೆ ಚಪ್ಪಟೆ. ನಂಗಿನ ರೀತಿಯೇ ಬೇರೆ: ಅದು ಬಲ ಮಗ್ಗುಲಿಗೆ ಮಲಗಿಯೇ ಬದುಕುತ್ತದೆ. ನಾವು ಬೆನ್ನು ಎಂದುಕೊಳ್ಳುವ ಕಂದು ಭಾಗ ಅದರ ಎಡ ಮಗ್ಗುಲು. ಹೊಟ್ಟೆ ಎಂದುಕೊಳ್ಳುವ ಬಿಳಿ ಭಾಗ ಬಲ ಮಗ್ಗುಲು. ಎರಡೂ ಕಣ್ಣುಗಳು ಎಡಗಡೆಯೇ ಇವೆ.

ಹುಟ್ಟುವಾಗ ಹೀಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಎಲ್ಲ ಮೀನುಗಳಂತೆ ಆಚೆಗೊಂದು ಈಚೆಗೊಂದು ಕಣ್ಣಿಟ್ಟುಕೊಂಡು ನೀರಿನಲ್ಲಿ ತೇಲಾಡುತ್ತದೆ. ಕೆಲವು ದಿನಗಳಾದ ಮೇಲೆ ಥೈರಾಯ್ಡ್ ಹಾರ್ಮೋನಿನ ಪ್ರೇರಣೆಯಿಂದ ತಲೆಬುರುಡೆಯೇ ತಿರುಚಿಕೊಳ್ಳತೊಡಗುತ್ತದೆ. ಬಲಗಣ್ಣು ಎಡಭಾಗಕ್ಕೆ ದಾಟಿ ಬರುತ್ತದೆ. ಆ ಹೊತ್ತಿಗೆ ಮರಿ ತಳಕ್ಕಿಳಿದು ಕೆಸರಿನಲ್ಲಿ ಮೈಚಾಚುತ್ತದೆ. ಮುಂದೆ ಹುಳು, ಸಣ್ಣ ಸಿಗಡಿಜಾತಿಯ ಜೀವಿಗಳು ಅದರ ಆಹಾರ.

ಈ ಜಾತಿಯ ಮೀನುಗಳ ಕಣ್ಣು ಒಮ್ಮೆ ಡಾರ್ವಿನ್ನನನ್ನೇ ಇಕ್ಕಟ್ಟಿಗೆ ಸಿಲುಕಿಸಿತ್ತು. ಜೀವವಿಕಾಸ ಹಂತಹಂತವಾಗಿ ನಡೆಯುವುದಾದರೆ ಅರ್ಧ ದಾರಿಯಲ್ಲಿ ನಿಂತ ಕಣ್ಣಿನಿಂದ ಏನು ಪ್ರಯೋಜನ ಎಂದು ಮೈವಾರ್ಟ್ ಎಂಬ ಇಂಗ್ಲಿಷ್ ವಿಜ್ಞಾನಿ 1871ರಲ್ಲಿ ಕೇಳಿದ. ಒಳ್ಳೆಯ ಪ್ರಶ್ನೆಯೇ. ಮರುವರ್ಷದ ಆವೃತ್ತಿಯಲ್ಲಿ ಡಾರ್ವಿನ್ ಉತ್ತರಿಸಿದ: ಮಲಗಿದ ಮರಿಗಳು ಕೆಳಗಿನ ಕಣ್ಣನ್ನು ಮೇಲಕ್ಕೆ ಹೊರಳಿಸಲು ಹೆಣಗುವುದನ್ನು ಕಂಡವರಿದ್ದಾರೆ, ಆ ಅಭ್ಯಾಸವೇ ತಲೆಮಾರುಗಳಲ್ಲಿ ಉಳಿದಿರಬಹುದು ಎಂದು. ಅಭ್ಯಾಸ ಹಾಗೆ ರಕ್ತಗತವಾಗುತ್ತದೆಂಬ ಮಾತನ್ನು ವಿಜ್ಞಾನ ಆಮೇಲೆ ಕೈಬಿಟ್ಟಿತು. ಸರಿಯಾದ ಸಾಕ್ಷ್ಯ ಸಿಕ್ಕಿದ್ದು 2008ರಲ್ಲಿ. ಇಟಲಿಯ ಬೋಲ್ಕಾದಲ್ಲಿ ದೊರೆತು ವಸ್ತುಸಂಗ್ರಹಾಲಯ ಸೇರಿದ್ದ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮ್ಯಾಟ್ ಫ್ರೀಡ್‌ಮನ್ ಪರೀಕ್ಷಿಸಿದಾಗ, ಒಂದು ಕಣ್ಣು ಮೇಲಕ್ಕೆ ಸರಿದಿದ್ದರೂ ಆಚೆ ದಾಟಿರದ ಮೀನುಗಳು ಕಂಡವು. ಅವು ಮರಿಗಳಲ್ಲ, ಬೆಳೆದ ಮೀನುಗಳು. ಇಂದಿನ ಚಪ್ಪಟೆ ಮೀನುಗಳು ರೆಕ್ಕೆಯೂರಿ ತಲೆ ಎತ್ತುವುದುಂಟು. ಹಾಗೆ ಎತ್ತಿದರೆ ಅರ್ಧ ಸರಿದ ಕಣ್ಣಿಗೂ ಒಂದಿಷ್ಟು ಕಾಣುತ್ತದೆ.

ನಮ್ಮ ನಂಗು ಇನ್ನೊಂದು ಲೆಕ್ಕವನ್ನೂ ಮೈಮೇಲೆ ಬರೆದುಕೊಂಡಿದೆ. ಚಳಿದೇಶಗಳಲ್ಲಿ ಮರದ ಕಾಂಡದಲ್ಲಿರುವಂತೆ ಮೀನಿನ ಪೊರೆಯಲ್ಲೂ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗುವುದರಿಂದ. ಚಳಿಯೇ ಇಲ್ಲದ ನಮ್ಮ ಕಡಲಿನಲ್ಲಿ ಇದೆಲ್ಲಿ ಬರಬೇಕು? ಆದರೆ 1950ರ ದಶಕದ ಆರಂಭದಲ್ಲಿ ಮಲಬಾರ್ ಕರಾವಳಿಯ ನಂಗುಗಳನ್ನು ಅಭ್ಯಸಿಸಿದ ಶೇಷಪ್ಪ ಮತ್ತು ಭೀಮಾಚಾರ್ ಅವುಗಳ ಪೊರೆಯಲ್ಲಿ ಉಂಗುರ ಗುರುತಿಸಿದರು. ಅದು ಮಳೆಗಾಲದ ಉಂಗುರ. ಆ ತಿಂಗಳುಗಳಲ್ಲಿ ಮೀನಿಗೆ ಆಹಾರ ಕಡಿಮೆ, ಬೆಳವಣಿಗೆಯೂ ನಿಲ್ಲುತ್ತದೆ.

ಅದೇ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇರಿ ದಡದತ್ತ ಹರಡುತ್ತದೆ. ತಳದಲ್ಲಿ ಬದುಕುವ ನಂಗಿಗೆ ಉಸಿರುಕಟ್ಟಿ, ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತದೆ. ನಮ್ಮ ಸುಗ್ಗಿ ಅದರ ಸಂಕಟದಿಂದಲೇ ಬರುವುದು. ಕಡಲತಳವನ್ನೇ ಗುಡಿಸುವ ಟ್ರಾಲ್ ಬಲೆಗೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ತಿನ್ನಲು ಬಾರದಷ್ಟು ಸಣ್ಣ ಮೀನು ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ ಇದೆ. ಆದರೆ ಆಮ್ಲಜನಕ ಕಡಿಮೆಯ ಆ ನೀರು ಸೆಪ್ಟೆಂಬರಿನವರೆಗೂ ದಡದ ಬಳಿ ಇರುತ್ತದೆ. ದೋಣಿಗಳು ಆಗಸ್ಟಿನಲ್ಲಿ ಕಡಲಿಗಿಳಿಯುವಾಗ ನಂಗು ಇನ್ನೂ ಅಲ್ಲೇ ಇರುತ್ತದೆ.